ನಾಲ್ಕನೆಯ ಪ್ಲೇಟು

ಲಿಂಗಸಾಮಿ ಮಗ್ಗದವರ ಮನೆಯಲ್ಲಿ ಹುಟ್ಟಿದವನು. ಪಲ್ಲಡದ ಹತ್ತಿರ ಅವನ ಅಪ್ಪ, ಅಣ್ಣಂದಿರು ಸೀರೆ ನೇಯುತ್ತಿದ್ದರು. ಇವನ ಕೈ ಮಾತ್ರ ಲಾಳಿಗೆ ಒಗ್ಗಲಿಲ್ಲ, ಯಂತ್ರದ ಸಣ್ಣ ಚಕ್ರಗಳಿಗೆ ಒಗ್ಗಿತು. ಸಾವಿರದ ಒಂಬೈನೂರ ಮೂವತ್ತೈದರ ಹೊತ್ತಿಗೆ ಕೊಯಮತ್ತೂರಿನಲ್ಲಿ ಅವನದೊಂದು ಗ್ರಾಮಫೋನ್ ರಿಪೇರಿ ಅಂಗಡಿಯಿತ್ತು. ಹಿಂದಿನ ಕೋಣೆಯೇ ಮನೆ. ಕೆಲಸ ಚೊಕ್ಕಟ, ಮನುಷ್ಯ ನಂಬಿಕಸ್ಥ ಎಂದು ಜನ ಅವನನ್ನು ಹುಡುಕಿಕೊಂಡು ಬರುತ್ತಿದ್ದರು.

ಆ ವರ್ಷ ಆನೈಮಲೈ ಬೆಟ್ಟದ ಟೀ ತೋಟದಿಂದ ಒಬ್ಬ ದೊರೆಸಾನಿಯ ಗ್ರಾಮಫೋನ್ ಬಂತು. ತಂದವನು ಅವಳ ಅಡುಗೆಯವನು ವೇಲುಸಾಮಿ. ತಮಿಳಿನಲ್ಲಿ ಶುರುವಾದ ಮಾತು ಅರ್ಧಕ್ಕೇ ಕನ್ನಡಕ್ಕೆ ತಿರುಗಿತು; ಇಬ್ಬರ ಮನೆಮಾತೂ ಅದೇ. ಓಡಿಸಿ ನೋಡಲಿಕ್ಕೆಂದು ದೊರೆಸಾನಿ ಸಂಗೀತದ ನಾಲ್ಕು ಪ್ಲೇಟುಗಳನ್ನೂ ಕಳಿಸಿದ್ದಳು. "ಜೋಪಾನ ಅಣ್ಣಾ, ನಮ್ಮವರ ಕೈಲಿದೆ ಅಂತ ಧೈರ್ಯವಾಗಿ ಹೋಗ್ತೀನಿ" ಎಂದು ಹೇಳಿ ವೇಲುಸಾಮಿ ಬಸ್ಸು ಹತ್ತಿದ.

ಹೊಸ ಸ್ಪ್ರಿಂಗ್ ಹಾಕಿದ ಮಧ್ಯಾಹ್ನ ಲಿಂಗಸಾಮಿ ಒಂದೊಂದೇ ಪ್ಲೇಟು ಹಾಕಿ ನೋಡಿದ. ಮೂರು ಬರೀ ಬ್ಯಾಂಡು. ನಾಲ್ಕನೆಯದರಲ್ಲಿ ಒಬ್ಬ ಹೆಂಗಸು ಹಾಡಿದಳು. ಅಮೆರಿಕದ ಕರಿಯ ಹೆಂಗಸು, ಆ ದೇಶದವರು ಈ ಹಾಡಿಕೆಯನ್ನು ಜಾಜ್ ಅನ್ನುತ್ತಾರೆ ಎಂದು ಪಕ್ಕದ ಅಂಗಡಿಯ ಗುಮಾಸ್ತ ಮೇಲಿನ ಚೀಟಿ ಓದಿ ಹೇಳಿದ. ಲಿಂಗಸಾಮಿಗೆ ಒಂದು ಪದವೂ ತಿಳಿಯಲಿಲ್ಲ. ತಾಳ ಮುಂದೆ ಹೋಗುತ್ತಿದ್ದರೆ ಅವಳು ಬೇಕೆಂದೇ ಒಂದು ಹೆಜ್ಜೆ ಹಿಂದೆ ಉಳಿಯುತ್ತಿದ್ದಳು; ತಪ್ಪಿಯೇ ಹೋದಳು ಅನ್ನುವಷ್ಟರಲ್ಲಿ ಮೆಲ್ಲಗೆ ಬಂದು ಸೇರಿಕೊಳ್ಳುತ್ತಿದ್ದಳು. ಹಿಂದಿನ ಕೋಣೆಯಿಂದ ಬಂದ ಹೆಂಡತಿ ಸುಬ್ಬಾತಾಳ್ ಬಾಗಿಲಲ್ಲೇ ನಿಂತಳು. "ಈಯಮ್ಮ ಅಳೋದನ್ನ ಮುಗಿಸಿಬಿಟ್ಟು ಹಾಡ್ತಾವಳೆ" ಎಂದಳು.

ಎಂಟು ದಿನ ಕೇಳಿದರು. ಬೇಸರ ಬರಲಿಲ್ಲ. ವೇಲುಸಾಮಿ ಬಂದಾಗ ಲಿಂಗಸಾಮಿ ಮೂರೇ ಪ್ಲೇಟು ಇಟ್ಟು, ಪೆಟ್ಟಿಗೆ ಮುಚ್ಚಿ, ಹಗ್ಗ ಬಿಗಿದು ಕೊಟ್ಟ. ವೇಲುಸಾಮಿ ಬಿಚ್ಚಿ ನೋಡಲಿಲ್ಲ. ಹದಿನೈದು ದಿನಕ್ಕೆ, ಒಂದು ಪ್ಲೇಟು ಕಡಿಮೆಯಿದೆ ಎಂದು ದೊರೆಸಾನಿಯ ಕಾಗದ ಬಂತು. ನಾಲ್ಕನ್ನೂ ಇಟ್ಟೇ ಕಳಿಸಿದ್ದೇನೆ ಎಂದು ಗುಮಾಸ್ತನ ಕೈಯಲ್ಲಿ ಉತ್ತರ ಬರೆಸಿದ. ದೊರೆಗಳ ಮನೆಯಲ್ಲಿ ಇಂಥವು ನೂರು ಇದ್ದಾವು ಎಂದು ಸಮಾಧಾನ ಹೇಳಿಕೊಂಡ.

ಮುಂದಿನ ವರ್ಷ ಅದೇ ಯಂತ್ರ ಮತ್ತೆ ಬಂತು, ತಂದವನು ಬೇರೆ ಆಳು. ವೇಲುಸಾಮಿ ಎಲ್ಲಿ ಎಂದು ಕೇಳಿದ್ದಕ್ಕೆ, ಯಾವುದೋ ಪ್ಲೇಟು ಕಳೆದನಂತೆ, ಆಗಲೇ ಕೆಲಸದಿಂದ ಬಿಡಿಸಿಬಿಟ್ಟರು ಎಂದ. ಅವತ್ತಿನಿಂದ ಲಿಂಗಸಾಮಿ ಆ ಪ್ಲೇಟು ಹಾಕಲಿಲ್ಲ. ಏನೂ ತಿಳಿಯದ ಸುಬ್ಬಾತಾಳ್ ಮಾತ್ರ ರಾಗಿ ಬೀಸುತ್ತಾ, ಪದವಿಲ್ಲದೆ, ಅದೇ ರಾಗ ಎಳೆಯುತ್ತಿದ್ದಳು. ಇವನು ಚಪ್ಪಲಿ ಮೆಟ್ಟಿ ಬೀದಿಗೆ ಹೋಗಿಬಿಡುತ್ತಿದ್ದ. ಹೋಗಿ ಹೇಳಬೇಕು ಅಂದುಕೊಂಡೇ ನಾಲ್ಕು ತಿಂಗಳು ಕಳೆದ. ಯಾರಾದರೂ ನಂಬಿಕಸ್ಥ ಎಂದರೆ ಬೈದಂತೆ ಕೇಳಿಸುತ್ತಿತ್ತು.

ಕೊನೆಗೆ ಒಂದು ಬೆಳಿಗ್ಗೆ ಸುಬ್ಬಾತಾಳ್‌ಗೆ ಎಲ್ಲ ಹೇಳಿದ. ಅವಳು ಬೈಯಲಿಲ್ಲ. ಪ್ಲೇಟನ್ನು ತನ್ನ ಹಳೆಯ ಸೀರೆಯಲ್ಲಿ ಸುತ್ತಿ ಅವನ ಮುಂದಿಟ್ಟಳು.

ಕೇಳಿಕೊಂಡು ಹೋದಾಗ, ಬೆಟ್ಟದ ಬುಡದ ಆನೈಮಲೈ ಊರಿನ ಒಂದು ತೆಂಗಿನ ತೋಟದಲ್ಲಿ ವೇಲುಸಾಮಿ ಕಾಯಿ ಸುಲಿಯುತ್ತಿದ್ದ. ಅಡುಗೆಯವನ ಅಂಗೈ ಒಡೆದು ಕಪ್ಪಾಗಿತ್ತು. ಇವನನ್ನು ಕಂಡು ನಗುತ್ತಾ ಎದ್ದು, ಎಳನೀರು ಕೆತ್ತಲು ಹೋದ. ಲಿಂಗಸಾಮಿ ಬೇಡವೆಂದು ಸೀರೆಯ ಗಂಟು ಬಿಚ್ಚಿದ.

"ಇದು ನನ್ನ ಹತ್ರಾನೇ ಇತ್ತು ವೇಲುಸಾಮಿ. ನಾನೇ ಇಟ್ಕೊಂಡೆ."

ವೇಲುಸಾಮಿ ಪ್ಲೇಟನ್ನು ಕೈಗೆತ್ತಿಕೊಂಡ. "ಬಸ್ಸಿನ ಮೇಲಿಂದ ಇಳಿಸುವಾಗ ಪೆಟ್ಟಿಗೆ ಜಾರಿ, ಹಗ್ಗ ಬಿಚ್ಚಿ ಬಾಯಿ ಬಿಟ್ಟಿತ್ತು" ಎಂದ ಮೆಲ್ಲಗೆ. "ಆವಾಗಲೇ ಎಲ್ಲೋ ಬಿದ್ದಿರಬೇಕು ಅಂತ ನಾನೇ ಅಂದ್ಕೊಂಡೆ. ತಪ್ಪು ನಂದೇ ಅಂತ ದೊರೆಸಾನಿ ಕಾಲಿಗೂ ಬಿದ್ದೆ."

ಲಿಂಗಸಾಮಿ ಹೊಡೆತಕ್ಕೆ, ಬೈಗುಳಕ್ಕೆ ತಯಾರಾಗಿ ಬಂದಿದ್ದ. ಇದಕ್ಕೆ ತಯಾರಾಗಿರಲಿಲ್ಲ. ಸಿಪ್ಪೆಯ ರಾಶಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಮುಖ ಮುಚ್ಚಿಕೊಂಡ. ಆಮೇಲೆ ವೇಲುಸಾಮಿ ತನ್ನಷ್ಟಕ್ಕೇ ಹೇಳಿಕೊಂಡ: ಆರು ವರ್ಷ ಆ ಪ್ಲೇಟಿನ ಹೆಂಗಸಿನ ಹಾಡನ್ನು ಅಡುಗೆಮನೆ ಬಾಗಿಲ ಹಿಂದೆ ನಿಂತು ಕೇಳಿದ್ದನಂತೆ. ಅದು ಮುಗಿಯುವ ತನಕ ಒಲೆ ಊದುತ್ತಿರಲಿಲ್ಲವಂತೆ. ಕೆಲಸ ಹೋದದ್ದಕ್ಕಿಂತ ಅದು ತನ್ನ ಕೈಯಲ್ಲಿ ಕಳೆಯಿತೆಂಬುದೇ ಅವನಿಗೆ ಹೆಚ್ಚು ನೋವಾಗಿತ್ತು.

ಇಬ್ಬರೂ ಜೊತೆಯಾಗಿ ಬೆಟ್ಟ ಹತ್ತಿದರು. ದೊರೆಸಾನಿ ವರಾಂಡದಲ್ಲೇ ನಿಂತು ಎಲ್ಲ ಕೇಳಿ, ಪ್ಲೇಟು ತೆಗೆದುಕೊಂಡು, ವೇಲುಸಾಮಿಯನ್ನು ಮತ್ತೆ ಅಡುಗೆಗೆಂದು ಒಳಗೆ ಕರೆದಳು. ಲಿಂಗಸಾಮಿಯ ಕಡೆ ತಿರುಗಿಯೂ ನೋಡಲಿಲ್ಲ. ಬೆಟ್ಟದ ತೋಟಗಳಿಂದ ಅವನಿಗೆ ಬರುತ್ತಿದ್ದ ಕೆಲಸ ಅಲ್ಲಿಗೆ ನಿಂತಿತು. ಅದಕ್ಕೆ ಅವನು ಯಾರನ್ನೂ ದೂರಲಿಲ್ಲ.

ಎರಡು ವರ್ಷದ ಮೇಲೆ ವೇಲುಸಾಮಿ ಸಂತೆಗೆ ಬಂದವನು ಅಂಗಡಿಗೂ ಬಂದ. ಸುಬ್ಬಾತಾಳ್ ಕಾಫಿ ಕೊಟ್ಟಳು. ಮಗಳ ಮದುವೆ ಗೊತ್ತಾಗಿದೆ, ಬನ್ನಿ ಎಂದು ಕರೆದು ಹೋದ. ಲಿಂಗಸಾಮಿ ಹೂಂ ಅಂದ, ಹೋಗಲಿಲ್ಲ. ಸುಬ್ಬಾತಾಳ್ ಒಬ್ಬಳೇ ಹೋಗಿಬಂದಳು.