ಚಿಕ್ಕಮ್ಮ ಹೆಬ್ಬೆರಳು ಕೊಟ್ಟು ತಂದ ಪದ

ನಮ್ಮ ಚಿಕ್ಕಮ್ಮ ಊಟದ ಮೇಜಿನ ಒಂದು ತುದಿಯಲ್ಲಿ ಕೂತು ಜರ್ಮನ್‌ನಿಂದ ಕನ್ನಡಕ್ಕೆ ಅನುವಾದ ಮಾಡುತ್ತಾಳೆ. ಯಾರ ನೌಕರಿಯಲ್ಲೂ ಇಲ್ಲ. ಕೆಲಸ ಬಂದಂತೆ ಒಪ್ಪಿಕೊಳ್ಳುವುದು, ಮುಗಿಸಿ ಕಳಿಸುವುದು. ಅದರಲ್ಲೂ ಯಂತ್ರಗಳ ಕೈಪಿಡಿ ಮಾತ್ರ. ಒಮ್ಮೆ ಯಾರೋ ಪ್ರೇಮಕಾದಂಬರಿ ಕೊಡಲು ಬಂದಾಗ, "ಅದ್ರಲ್ಲಿ ತಪ್ಪಾದ್ರೆ ಯಾರ ಬೆರಳೂ ಹೋಗಲ್ಲ, ನಂಗೆ ಹುರುಪೇ ಬರಲ್ಲ" ಎಂದು ವಾಪಸ್ ಕಳಿಸಿದ್ದಳು.

ಹೀಗಿರುವಾಗ ಹಾಲು ಕರೆಯುವ ಯಂತ್ರದ ಕೈಪಿಡಿ ಬಂತು. ಹಸುವಿನ ಮೊಲೆಗೆ ತೊಡಿಸುವ ರಬ್ಬರ್ ಕೊಳವೆ ಏನು ಮಾಡುತ್ತದೆ ಎಂಬ ಒಂದೇ ವಾಕ್ಯ ಅವಳ ತಲೆ ತಿಂದಿತು. ಹಿಂಡುತ್ತದೆ ಎಂದು ಬರೆದಳು, ಅಳಿಸಿದಳು. ಎಳೆಯುತ್ತದೆ ಎಂದಳು, ಅದೂ ಮನಸ್ಸಿಗೆ ಬರಲಿಲ್ಲ. ಮೇಜಿನ ಮೇಲೆ ತಟ್ಟೆ ಇಡಲು ಜಾಗವಿಲ್ಲದೆ ನಿಂತೇ ತಿಂಡಿ ತಿನ್ನುತ್ತಿದ್ದ ಚಿಕ್ಕಪ್ಪ, "ಯಾವುದೋ ಒಂದು ಹಾಕೇ. ಹಸು ಏನು ಓದುತ್ತಾ?" ಎಂದ.

"ಓದಲ್ಲ, ಒದೆಯುತ್ತೆ. ಸ್ಕೂಟರ್ ತೆಗೀರಿ."

ಊರಾಚೆಯ ಡೈರಿಯ ಒಡತಿ ಇವರನ್ನು ಹಾಲಿಗೆ ಬಂದವರೆಂದುಕೊಂಡಳು. ವಿಷಯ ತಿಳಿದ ಮೇಲೆ ನಕ್ಕು, ಯಂತ್ರ ಚಾಲೂ ಮಾಡಿ, "ಬಾಯಲ್ಲಿ ಹೇಳಿದ್ರೆ ಏನು ಗೊತ್ತಾಗುತ್ತಕ್ಕಾ? ಹೆಬ್ಬೆರಳು ಹಾಕಿ ನೋಡಿ" ಎಂದು ಕೊಳವೆ ಮುಂದೆ ಹಿಡಿದಳು. ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡು ಬೆರಳು ತೂರಿಸಿದಳು. ಕೊಳವೆ ಬೆರಳನ್ನು ಒಳಗೆಳೆದುಕೊಂಡಿತು, ಸಡಿಲಿಸಿತು, ಮತ್ತೆ ಎಳೆದುಕೊಂಡಿತು.

"ರೀ, ಇದು ಹಿಂಡ್ತಾನೇ ಇಲ್ಲ. ಕರು ಥರ ಚೀಪ್ತಿದೆ" ಎಂದಳು. ಮುಖ ಇಷ್ಟಗಲವಾಗಿತ್ತು.

ಯಂತ್ರದ ಕಂಪನಿಯಲ್ಲಿ ಅನುವಾದ ಪರಿಶೀಲಿಸುವವರಿಗೆ ಮಾತ್ರ ಆ ಪದ ಹಿಡಿಸಲಿಲ್ಲ. "ಚೀಪೋದು ಮಕ್ಕಳ ಮಾತಾಯ್ತು ಮೇಡಂ. ಸ್ವಲ್ಪ ಘನವಾಗಿರೋದು ಕೊಡಿ" ಎಂದು ಫೋನ್ ಮಾಡಿದರು. ಚಿಕ್ಕಮ್ಮ ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಕೊನೆಗೆ ತಲೆಬರಹದಲ್ಲಿ 'ಹೀರು', ಒಳಗೆಲ್ಲ 'ಚೀಪು' ಎಂದು ರಾಜಿಯಾಯಿತು. ಆ ತಲೆಬರಹ ನೆನೆದರೆ ಅವಳಿಗೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಅಂದಿನಿಂದ ಯಂತ್ರವನ್ನು ಕಣ್ಣಾರೆ ನೋಡದೆ ಅವಳು ಒಂದು ಸಾಲೂ ಬರೆಯುವುದಿಲ್ಲ. ಹಿಟ್ಟು ನಾದುವ ಯಂತ್ರಕ್ಕಾಗಿ ಬೇಕರಿಗೆ ಹೋದಳು. ಚಿಕ್ಕಪ್ಪನಿಗೆ ಬಿಸಿ ಬನ್ ಸಿಕ್ಕಿತು, ಖುಷಿಯಾದ. ಹೋದ ತಿಂಗಳು ಹಲ್ಲಿನ ಡಾಕ್ಟರ ಕುರ್ಚಿಯ ಕೈಪಿಡಿ ಬಂತು. ಕುರ್ಚಿ ಹೇಗೆ ಹಿಂದಕ್ಕೆ ವಾಲುತ್ತದೆಂದು ಅವಳು ಪಕ್ಕದಲ್ಲಿ ನಿಂತು ನೋಡಬೇಕಲ್ಲ, ಅದಕ್ಕೆ ಚಿಕ್ಕಪ್ಪನನ್ನು ಮಲಗಿಸಿದಳು. ಡಾಕ್ಟರು ದೀಪ ಹಾಕಿದವರೇ, "ಹೇಗೂ ಬಂದಿದ್ದೀರಲ್ಲ, ಆ ಅನ್ನಿ" ಎಂದರು. ಚಿಕ್ಕಮ್ಮನಿಗೆ ಬೇಕಾದ ಪದಗಳೆಲ್ಲ ಸಿಕ್ಕವು. ಚಿಕ್ಕಪ್ಪ ಒಂದು ದವಡೆ ಹಲ್ಲು ಅಲ್ಲೇ ಬಿಟ್ಟು, ಬಾಯಲ್ಲಿ ಹತ್ತಿ ಕಚ್ಚಿಕೊಂಡು ಮನೆಯವರೆಗೂ ಸ್ಕೂಟರ್ ಓಡಿಸಿದ.