ಗಂಗಕ್ಕನ ಕಣ್ಣಿನ ಉಂಗುರ

ಗಂಗಕ್ಕನ ಕಣ್ಣಾಲಿಯ ಅಂಚಿಗೆ ಹಸಿರು ಬೆರೆತ ಕಂದು ಬಣ್ಣದ ಉಂಗುರವೊಂದಿತ್ತು. ಒಲೆಯ ಮುಂದೆ ಕುಳಿತವಳು ಕಿಟಕಿಯ ಕಡೆ ತಿರುಗಿದಾಗ ಮಾತ್ರ ಅದು ಕಾಣುತ್ತಿತ್ತು. ಎಂಥ ಚೆಂದದ ಕಣ್ಣು ಎಂದು ನಾನು ಎರಡು ವರ್ಷ ಮೆಚ್ಚಿಕೊಂಡೆ. ಅದು ನನ್ನ ದಡ್ಡತನವೆಂದು ಗೊತ್ತಾದದ್ದು ಆಮೇಲೆ.

ಮುಂಡರಗಿಯ ಶಾಲೆಗೆ ವರ್ಗವಾಗಿ ಬಂದ ನನಗೆ ಅವಳ ಖಾನಾವಳಿಯಲ್ಲೇ ಎರಡು ಹೊತ್ತಿನ ಊಟ. ಅವಳ ವಯಸ್ಸು ಮೂವತ್ತು ದಾಟಿರಲಿಲ್ಲ, ದರ್ಪ ಮಾತ್ರ ಅತ್ತೆಯದು. ತಾಟಿನಲ್ಲಿ ಚೂರು ರೊಟ್ಟಿ ಬಿಟ್ಟರೆ, "ಮಾಸ್ತರ, ಹುಡುಗ್ರಿಗೆ ಏನ್ ಕಲಸ್ತೀರಿ ನೀವು?" ಎನ್ನುವಳು. ಶೇಂಗಾ ಚಟ್ನಿ ಬೇಡವೆಂದವರನ್ನು ಮನುಷ್ಯರೆಂದೇ ಎಣಿಸುತ್ತಿರಲಿಲ್ಲ. ಕುಡಿಯುವ ನೀರಿನ ತಾಮ್ರದ ಕೊಡವನ್ನು ದಿನಾ ಹುಣಸೆಹಣ್ಣು ಹಚ್ಚಿ ತಿಕ್ಕುವಳು. ಎಲ್ಲಾದರೂ ಹಸಿರು ಕಿಲುಬಿನ ಚುಕ್ಕೆ ಉಳಿದಿದ್ದರೆ ಮತ್ತೆ ಮೊದಲಿನಿಂದ.

ಒಂದು ದಿನ ಅವಳು ಬಡಿಯುತ್ತಿದ್ದ ರೊಟ್ಟಿ ಸೊಟ್ಟಗಾಯಿತು. ತಿಂಗಳೊಳಗೆ ಕೈ ಗಡಗಡ ನಡುಗತೊಡಗಿತು, ಮಾತು ತೊದಲಿತು. ಕದ್ದು ಕುಡಿಯುತ್ತಾಳೆಂದು ಉಂಡವರೇ ಗುಸುಗುಸು ಶುರುಮಾಡಿದರು. ನಾನೋ ದೊಡ್ಡ ಉಪಕಾರಿಯಂತೆ ಗದಗಿನಿಂದ ತಾಮ್ರದ ತಂಬಿಗೆ ತಂದುಕೊಟ್ಟು, ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿಯಲು ಹೇಳಿದೆ.

ಹುಬ್ಬಳ್ಳಿಯ ಡಾಕ್ಟರರು ಅವಳ ಕಣ್ಣಿಗೆ ದೀಪ ಹಿಡಿದು ನೋಡಿದರು. ಆ ಉಂಗುರ ತಾಮ್ರದ್ದೆಂದರು. ಕಾಳುಕಡ್ಡಿಯಲ್ಲೆಲ್ಲ ತಾಮ್ರವಿರುತ್ತದಂತೆ, ಮೈಗೆ ಅದು ತುಸು ಬೇಕೂ ಬೇಕಂತೆ. ಹೆಚ್ಚಾದದ್ದನ್ನು ಯಕೃತ್ತು ಪಿತ್ತದ ಜೊತೆ ಹೊರಗೆ ಕಳಿಸುತ್ತದಂತೆ. ಗಂಗಕ್ಕನ ಯಕೃತ್ತಿಗೆ ಹುಟ್ಟಿನಿಂದಲೇ ಆ ಕೆಲಸ ಬರದು. ಅಷ್ಟು ವರ್ಷದ ತಾಮ್ರ ಯಕೃತ್ತು ತುಂಬಿ, ಮಿದುಳಿಗೂ ಕಣ್ಣಿಗೂ ಹೋಗಿ ಕೂತಿತ್ತು. ಜೊತೆಗೆ ಹೋಗಿದ್ದ ನನ್ನ ಕಣ್ಮುಂದೆ ನಾನು ಕೊಟ್ಟ ತಂಬಿಗೆಯೇ ಇತ್ತು. ಅದನ್ನು ಅವಳೆದುರೇ ಡಾಕ್ಟರರಿಗೆ ಹೇಳಿಬಿಟ್ಟೆ.

"ನಿಮ್ಮ ತಂಬಗಿ ಏನ್ ಮಾಡೀತ್ರಿ ಮಾಸ್ತರ? ಹುಟ್ಟಿದಾಗಿಂದ ಕೂಡಿದ್ದಂತ ಅದು. ದಿನಾ ಕೊಡ ತಿಕ್ಕೀನಿ, ಒಳಗಿನ ಕಿಲುಬು ತಿಳೀಲೇ ಇಲ್ಲ ನೋಡ್ರಿ," ಎಂದು ಅವಳೇ ನನ್ನನ್ನು ಸಮಾಧಾನ ಮಾಡಿದಳು.

ತಾಮ್ರವನ್ನು ಮೂತ್ರದಲ್ಲಿ ಇಳಿಸುವ ಗುಳಿಗೆ ಕೊಟ್ಟರು. ಜೀವ ಇರುವತನಕ ಒಂದು ದಿನವೂ ಬಿಡಕೂಡದೆಂದು ಡಾಕ್ಟರರು ನಮ್ಮಿಬ್ಬರಿಗೂ ಎರಡೆರಡು ಸಲ ಹೇಳಿದರು. ಶೇಂಗಾದಲ್ಲಿ ತಾಮ್ರ ಹೆಚ್ಚೆಂದು ಅದನ್ನೂ ಬಿಡಿಸಿದ್ದರಿಂದ, ಗಂಗಕ್ಕ ಚಟ್ನಿಯನ್ನು ಬೇರೆಯವರಿಗೆ ಬಡಿಸಿ ತಾನು ವಾಸನೆ ಮಾತ್ರ ನೋಡುವಳು. ವರ್ಷದೊಳಗೆ ಕೈ ನೆಟ್ಟಗಾಯಿತು, ಬೈಗುಳವೂ ಸ್ಪಷ್ಟವಾಯಿತು.

ನನಗೆ ಲಕ್ಷ್ಮೇಶ್ವರಕ್ಕೆ ವರ್ಗವಾಯಿತು. ಹೊರಡುವ ದಿನ ಊಟಕ್ಕೆ ಕುಳಿತಾಗ ಗೂಡಿನಲ್ಲಿದ್ದ ಗುಳಿಗೆಯ ಡಬ್ಬಿ ಕಂಡಿತು. ಅದರ ಮೇಲೆ ಹಿಟ್ಟಿನ ಧೂಳು ಕೂತಿತ್ತು. ಅವಳು ಎರಡೂ ಕೈ ಚಾಚಿ, "ನೋಡ್ರಿ, ಹೆಂಗ ನಿಂತಾವು. ಇನ್ನ ಗುಳಿಗಿ ಯಾಕ್ರಿ?" ಎಂದಳು. ಆ ಕೈ ನೋಡಿದ ಖುಷಿಯಲ್ಲಿ, "ಖರೇನ ಗಂಗಕ್ಕ, ಪೂರಾ ಆರಾಮಾಗೀದಿ ಬಿಡು," ಎಂದುಬಿಟ್ಟೆ.

ಐದು ತಿಂಗಳಿಗೆ ಫೋನ್ ಬಂತು. ಯಕೃತ್ತು ಕೆಟ್ಟು, ಕಾಮಾಲೆಯಾಗಿ ಆಸ್ಪತ್ರೆ ಸೇರಿದ ಗಂಗಕ್ಕ ವಾರದೊಳಗೆ ತೀರಿಹೋಗಿದ್ದಳು. ಡಾಕ್ಟರರ ಮಾತು ಅವಳಷ್ಟೇ ನಾನೂ ಕೇಳಿದ್ದೆ. ಅವತ್ತು ನಾನು ಹೇಳಬೇಕಾಗಿದ್ದದ್ದು ಗುಳಿಗಿ ತಗೋ ಅನ್ನುವುದೊಂದೇ. ಅದನ್ನು ಬಿಟ್ಟು, ಇನ್ನೊಂದು ರೊಟ್ಟಿ ಹಾಕು ಎಂದು ತಾಟು ಮುಂದೆ ಸರಿಸಿದ್ದೆ.