ಕಾಲಿಗೆ ಕೆಲಸವಿಲ್ಲದ ಫುಟ್‌ಬಾಲ್

ನನ್ನ ಕೋಚ್ ವೃತ್ತಿ ಹುಟ್ಟಿದ್ದು ಒಂದು ಟಿಕ್ ಮಾರ್ಕಿನಿಂದ. ಕೋವಿಡ್ ಮುಗಿದ ಮರುವರ್ಷ, ಅಮೆರಿಕದ ಏಪೆಕ್ಸ್ ಊರಿನ ನಮ್ಮ ಮನೆಯಿಂದ ಮಗಳು ಹೋಗುತ್ತಿದ್ದ ಸಣ್ಣ ಕಾಲೇಜಿನಲ್ಲಿ ಹುಡುಗಿಯರ ಫ್ಲ್ಯಾಗ್ ಫುಟ್‌ಬಾಲ್ ತಂಡ ಕಟ್ಟಲು ಹೊರಟರು. ಮಗಳೂ ಹೆಸರು ಕೊಟ್ಟಿದ್ದಳು. ಕೋಚ್ ಸಿಗದಿದ್ದರೆ ತಂಡವೂ ಇಲ್ಲ. ಪೋಷಕರಿಗೆ ಬಂದ ಫಾರ್ಮಿನಲ್ಲಿ ‘ಕಾಲೇಜಿನಲ್ಲಿ ಫುಟ್‌ಬಾಲ್ ಆಡಿದ್ದೀರಾ?’ ಎಂಬ ಪ್ರಶ್ನೆಯಿತ್ತು. ಆಡಿದ್ದೆ, ಮೈಸೂರಿನಲ್ಲಿ, ಮೂರು ವರ್ಷ. ಹೌದು ಎಂದು ಟಿಕ್ ಹಾಕಿದೆ. ನಮ್ಮ ಫುಟ್‌ಬಾಲನ್ನು ಇಲ್ಲಿ ಸಾಕರ್ ಅನ್ನುತ್ತಾರೆಂದು ನನಗೆ ಗೊತ್ತಿಲ್ಲದ್ದೇನಲ್ಲ. ಮೌಸ್ ಹಿಡಿದ ಕೈ ಮಾತ್ರ ಇನ್ನೂ ಮೈಸೂರಿನಲ್ಲೇ ಇತ್ತು.

ಬೇರೆ ಯಾರೂ ಅರ್ಜಿ ಹಾಕಿರಲಿಲ್ಲ. ಹಾಳೂರಿಗೆ ಉಳಿದವನೇ ಗೌಡ. ಮೊದಲ ದಿನ ತೆಂಗಿನಕಾಯಿ ಆಕಾರದ ಚೆಂಡು ಕೈಗೆ ಬಂದಾಗ ತಪ್ಪು ತಿಳಿಯಿತು. ಹೆಸರಿಗೆ ಫುಟ್‌ಬಾಲ್, ಕಾಲಿಗೆ ಓಡುವುದು ಬಿಟ್ಟರೆ ಕೆಲಸವಿಲ್ಲ. ಚೆಂಡು ಹಿಡಿದು ಓಡುವವಳ ಸೊಂಟಕ್ಕೆ ತೂಗಿಬಿಟ್ಟ ಬಟ್ಟೆಪಟ್ಟಿ, ಅದೇ ಫ್ಲ್ಯಾಗ್, ಕಿತ್ತರೆ ಅವಳ ಓಟ ಮುಗಿಯಿತು.

ವಾಪಸ್ ಬರುವಾಗ ಕಾರಿನಲ್ಲಿ, ನಾಳೆಯೇ ನಿಜ ಹೇಳಿ ಬಿಟ್ಟುಬಿಡುತ್ತೇನೆ ಎಂದೆ. ಮಗಳು ಕಿಟಕಿಯಾಚೆ ನೋಡುತ್ತ ಹೇಳಿದಳು: “ಕ್ವಿಟ್ ಮಾಡ್ಬೇಡ ಅಪ್ಪ. ರಿಯಲ್ ಕೋಚ್ ಬಂದ್ರೆ ನನ್ನನ್ನ ಆಡ್ಸಲ್ಲ.”

ಅವಳ ಆಟದ ಬಗ್ಗೆ ಅವಳಿಗೆ ಭ್ರಮೆ ಇರಲಿಲ್ಲ. ನಾನು ಬಿಡಲಿಲ್ಲ. ವಿಡಿಯೋ ನೋಡಿ ನಿಯಮ ಕಲಿತೆ, ಉಳಿದದ್ದಕ್ಕೆ ಕಬಡ್ಡಿ ಸೇರಿಸಿದೆ. ‘ಕಬಡ್ಡಿ ಕಬಡ್ಡಿ’ ಎಂದು ಗೊಣಗುತ್ತ ಸೊಂಟ ತಪ್ಪಿಸಿ ಓಡುವ ನಮ್ಮ ಹುಡುಗಿಯರನ್ನು ಕಂಡು ಎದುರಾಳಿಗಳು ಹತ್ತು ನಿಮಿಷ ಗಾಬರಿಯಾಗುತ್ತಿದ್ದರು. ಆಮೇಲೆ ಸಾವಕಾಶವಾಗಿ ಸೋಲಿಸುತ್ತಿದ್ದರು. ಎಂಟು ಪಂದ್ಯ, ಎಂಟೂ ಸೋಲು. ಈ ವಿಷಯದಲ್ಲಿ ನಮ್ಮ ಶಿಸ್ತನ್ನು ಯಾರೂ ಪ್ರಶ್ನಿಸುವಂತಿಲ್ಲ. ಮಗಳು ಎಂಟರಲ್ಲೂ ಪೂರ್ತಿ ಆಡಿದಳು, ತನ್ನ ಕಡೆ ಬಂದ ಚೆಂಡನ್ನೆಲ್ಲ ಕೈಬಿಟ್ಟಳು, ಮನೆಗೆ ಬಂದು ಹೊಟ್ಟೆ ತುಂಬ ಉಂಡಳು.

ಮರುವರ್ಷ ಕಾಲೇಜಿನವರು ಆಟ ಬಲ್ಲ ಕೋಚ್ ಒಬ್ಬರನ್ನು ಕರೆತಂದರು. ನನಗೆ ‘ಪ್ರಥಮ ಕೋಚ್’ ಎಂದು ಕೆತ್ತಿದ ಫಲಕ ಕೊಟ್ಟರು. ಸತ್ತವರ ಫೋಟೋ ತೂಗುಹಾಕುವ ಗೋಡೆಗೆ ಅದನ್ನೂ ಸೇರಿಸಿ ಮೊದಲ ಪಂದ್ಯ ನೋಡಲು ಹೋದೆ. ತಂಡ ಗೆದ್ದಿತು. ಮಗಳು ಒಂದು ಸಲವೂ ಬೆಂಚು ಬಿಟ್ಟು ಏಳಲಿಲ್ಲ. ನನಗೆ ಹೊಟ್ಟೆ ಉರಿಯಿತು. ಹೊಸ ಕೋಚ್ ಮಾಡಿದ್ದು ಸರಿಯಾಗಿಯೇ ಇತ್ತು, ಅದಕ್ಕೇ ಇನ್ನಷ್ಟು ಉರಿಯಿತು.

ಸಮಾಧಾನಕ್ಕೆ ನಾಲ್ಕು ಮಾತು ಸಿದ್ಧಮಾಡಿಕೊಂಡು ಕಾರಿನಲ್ಲಿ ಕಾದೆ. ಅವಳೇ ಮೊದಲು ಮಾತಾಡಿದಳು.

“ವೀ ವನ್, ಅಪ್ಪ. ಗೆದ್ವಿ.”

ಎಂಟು ಸಲ ಸೋತಾಗಲೂ ಅವಳ ದನಿ ಇಷ್ಟು ಸಣ್ಣದಾಗಿರಲಿಲ್ಲ.